ನಾಳೆ ಜಾತ್ರೆಯಿತ್ತು

‘ನಾಳೆ ಜಾತ್ರೆಯಿತ್ತು. ಅಕ್ಕಿ ಇನ್ನೂ ನೆನೆಹಾಕಿರಲಿಲ್ಲ.’

ನನ್ನ ಕತೆಯೊಂದರಲ್ಲಿ ಗಿರಿಜೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತಿರುವ ಜಾಗ ಇದು. ಹಸ್ತಪ್ರತಿ ನೋಡಿಕೊಟ್ಟವರು ‘ನಾಳೆ’ಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಮರುದಿನ’ ಎಂದು ಬರೆದಿದ್ದರು. ಅವರ ಆಕ್ಷೇಪ ನ್ಯಾಯವಾದದ್ದೇ. ಆದರೆ ‘ಮರುದಿನ’ ಎಂದೊಡನೆ ಗಿರಿಜೆಯ ಧಾವಂತ ಆರಿಹೋಗಿ, ಯಾರೋ ಅದರ ವರದಿ ಒಪ್ಪಿಸಿದ ಹಾಗಾಗುತ್ತಿತ್ತು. ಹಾಗೇಕೆ ಎಂದು ಹುಡುಕುತ್ತ ಹೋದಾಗ ಸಿಕ್ಕವರು ಸಾಹಿತ್ಯ ಚಿಂತಕಿ ಕೇಟೆ ಹಾಂಬುರ್ಗರ್.

1896ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಹುಟ್ಟಿದ ಈಕೆ ಮ್ಯೂನಿಕ್ಕಿನಲ್ಲಿ ಡಾಕ್ಟರೇಟ್ ಪಡೆದವರು. ಯಹೂದಿ. ನಾಜಿಗಳು ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಡಬೇಕಾಯಿತು. 1934ರಿಂದ ಎರಡು ದಶಕಕ್ಕೂ ಹೆಚ್ಚು ಕಾಲ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ಕಳೆದು, 1956ರಲ್ಲಿ ಸ್ಟುಟ್‌ಗಾರ್ಟಿಗೆ ಮರಳಿದರು. ತನ್ನದೇ ದೇಶ, ತನ್ನದೇ ಭಾಷೆ ಭೂತಕಾಲಕ್ಕೆ ಸರಿದುಹೋಗಿದ್ದ ಆ ವರ್ಷಗಳಲ್ಲೇ ಅವರು ಭೂತಕಾಲದ ಕ್ರಿಯಾಪದವನ್ನು ಹಿಡಿದು ಕೂತಿದ್ದರು ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಅವರ ಕೈಗೆ ಹತ್ತಿದ ಎಳೆ ತೀರ ಸಣ್ಣದು. ಜರ್ಮನ್ ಕಾದಂಬರಿಗಳಲ್ಲಿ ‘ನಾಳೆ’ ಎಂಬ ಪದ ಭೂತಕಾಲದ ಕ್ರಿಯಾಪದದ ಜೊತೆ ಯಾವ ತಕರಾರೂ ಇಲ್ಲದೆ ಕೂತಿರುತ್ತಿತ್ತು. ನಮ್ಮಲ್ಲೇ ನೋಡಿ: ‘ನಾಳೆ ಮದುವೆ ಇತ್ತು’ ಎಂದು ಯಾರಾದರೂ ಅಂದರೆ, ‘ಯಾಕೆ, ನಿಂತುಹೋಯಿತಾ?’ ಎಂದು ಕೇಳುತ್ತೇವೆ. ಕತೆಯಲ್ಲಿ ಅದೇ ವಾಕ್ಯ ಬಂದರೆ ಯಾರೂ ಕೇಳುವುದಿಲ್ಲ. ಮದುವೆ ಇನ್ನೂ ಮುಂದಿದೆ, ಮನೆಯಲ್ಲಿ ಗಡಿಬಿಡಿ ನಡೆದಿದೆ ಎಂದು ಓದುಗನಿಗೆ ತಾನಾಗಿ ತಿಳಿಯುತ್ತದೆ. ಅಂದರೆ ಆ ‘ಇತ್ತು’ ಹಿಂದೆ ನಡೆದದ್ದನ್ನು ಹೇಳುತ್ತಲೇ ಇಲ್ಲ. ಮಾತಿನಲ್ಲಿ ಭೂತಕಾಲವನ್ನು ಅಳೆಯುವುದು ಮಾತಾಡುವವನ ‘ಈಗ’ದಿಂದ. ಕತೆಯಲ್ಲಿ ಆ ‘ಈಗ’ ಪಾತ್ರದ ಒಡಲಿಗೆ ಹೋಗಿ ಸೇರುತ್ತದೆ. ಕ್ರಿಯಾಪದದ ರೂಪ ಹಳೆಯದೇ, ಕಾಲ ಮಾತ್ರ ಅದರಿಂದ ಸೋರಿಹೋಗಿರುತ್ತದೆ.

ಇನ್ನೊಂದು ಪುರಾವೆಯನ್ನೂ ಅವರು ಹಿಡಿದರು. ಪಕ್ಕದ ಮನೆಯವಳ ಮನಸ್ಸಿನ ಬಗ್ಗೆ ನಾವು ‘ಅಂದುಕೊಂಡಿರಬೇಕು’ ಎನ್ನಬಹುದು, ಅಷ್ಟೇ. ‘ಅಂದುಕೊಂಡಳು’ ಎಂದು ಖಚಿತವಾಗಿ ಹೇಳುವ ಅಧಿಕಾರ ಕತೆಗೆ ಮಾತ್ರ ಇದೆ. 1953ರ ಲೇಖನದಲ್ಲಿ ಈ ಭೂತಕಾಲವನ್ನೇ ಕುರಿತು ಬರೆದರು; 1957ರಲ್ಲಿ, ಅರವತ್ತರ ಆಸುಪಾಸಿನಲ್ಲಿ, ‘ಡೀ ಲೋಗಿಕ್ ಡೆರ್ ಡಿಷ್ಟುಂಗ್’ (ಸಾಹಿತ್ಯದ ತರ್ಕ) ಪುಸ್ತಕವಾಗಿ ಬಂತು.

ಜಗಳ ಬೇಗನೆ ಶುರುವಾಯಿತು. ಪಾತ್ರದ ಕಣ್ಣಿನಿಂದ ಕಾಣುವ ಕಡೆ ಈ ಮಾತು ನಿಜ, ಕತೆಗಾರನೇ ಎದುರು ಕೂತು ಹೇಳುವ ಕಡೆ ಭೂತಕಾಲ ಭೂತಕಾಲವೇ ಎಂದು ಸಾಹಿತ್ಯ ವಿದ್ವಾಂಸ ಫ್ರಾಂಟ್ಸ್ ಸ್ಟಾನ್ಸೆಲ್ 1959ರಲ್ಲಿ ವಾದಿಸಿದರು. ‘ನಾನು’ ಎಂದು ಹೇಳಿಕೊಳ್ಳುವ ಕತೆಯನ್ನು ಹಾಂಬುರ್ಗರ್ ಕೂಡ ಈ ಲೆಕ್ಕದಿಂದ ಹೊರಗಿಟ್ಟಿದ್ದರು. ಅಲ್ಲಿ ನೆನಪಿದೆ, ಆದ್ದರಿಂದ ನಿನ್ನೆಯೂ ಇದೆ.

ಕತೆ ಓದುಗನಿಗೆ ಹತ್ತಿರವಾಗಲಿ ಎಂದು ವರ್ತಮಾನಕ್ಕೆ ಹಾರುವವರು ಈ ಶೋಧವನ್ನು ಒಮ್ಮೆ ನೋಡಬೇಕು. ಹತ್ತಿರ ಎಂಬುದು ಭೂತಕಾಲದಲ್ಲೇ ಇದೆ. ಹಾಗೆಂದು, ಕತೆಯ ನಡುವೆ ವರ್ತಮಾನ ಬಂದರೂ ಕಾಲದ ದೃಷ್ಟಿಯಿಂದ ಏನೂ ಬದಲಾಗುವುದಿಲ್ಲ ಎಂಬ ಹಾಂಬುರ್ಗರ್ ಅವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಹಿಲರಿ ಮ್ಯಾಂಟೆಲ್ 2009ರ ‘ವುಲ್ಫ್ ಹಾಲ್’ ಕಾದಂಬರಿಯಲ್ಲಿ ಇಂಗ್ಲೆಂಡಿನ ರಾಜಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಕತೆಯನ್ನು ವರ್ತಮಾನದಲ್ಲಿ ಬರೆದರು. 1540ರಲ್ಲಿ ಅವನ ತಲೆ ಕಡಿದದ್ದು ಓದುಗರಿಗೆ ಗೊತ್ತು, ಅವನಿಗೆ ಗೊತ್ತಿಲ್ಲ. ವರ್ತಮಾನ ಅಲ್ಲಿ ಮುಂದಿನದನ್ನು ಬಲ್ಲವನ ದನಿಯನ್ನೇ ಅಡಗಿಸಿಬಿಡುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ಅವಳು ಬಾಗಿಲು ತೆರೆಯುತ್ತಾಳೆ’: ಈಗಲೋ, ದಿನಾಲೂವೋ, ನಾಳೆಯೋ? ಮೂರಕ್ಕೂ ನಮ್ಮಲ್ಲಿ ಅದೇ ರೂಪ ಸಲ್ಲುತ್ತದೆ. ಈಗ ಎಂದು ಖಚಿತಪಡಿಸಲು ‘ತೆರೆಯುತ್ತಿದ್ದಾಳೆ’ ಎಂದರೆ ಬಾಗಿಲು ತೆರೆದು ಮುಗಿಯುವುದೇ ಇಲ್ಲ. ‘ತೆರೆದಳು’ ಎಂದರೆ ಕೆಲಸ ಆಯಿತು, ಗಾಳಿ ಒಳಗೆ ಬಂತು.

ಆದರೂ ಪಟ್ಟುಬಿಡದೆ ಗಿರಿಜೆಯ ಕತೆಯನ್ನು ಪೂರ್ತಿ ವರ್ತಮಾನಕ್ಕೆ ತಿರುಗಿಸಿ ನೋಡಿದೆ. ‘ನಾಳೆ ಜಾತ್ರೆ. ಅಕ್ಕಿ ಇನ್ನೂ ನೆನೆಹಾಕಿಲ್ಲ.’ ಇಷ್ಟು ಚೆನ್ನಾಗಿಯೇ ಬಂತು. ಮುಂದಿನ ಸಾಲಿನಲ್ಲಿ ಅವಳು ‘ಒಲೆ ಹಚ್ಚುತ್ತಾಳೆ’. ಓದಿದಾಗ, ಆಕೆ ದಿನಾ ಮಾಡುವ ಕೆಲಸದಂತೆ ಕೇಳಿತು. ಆ ರಾತ್ರಿ ಅವಳು ಒಲೆ ಹಚ್ಚಿದ್ದು ಒಂದೇ ಸಲ, ಅದೂ ನಡುಗುವ ಕೈಯಲ್ಲಿ.

ಎಲ್ಲವನ್ನೂ ಮೊದಲಿನಂತೆ ಮಾಡಿದೆ. ‘ಮರುದಿನ’ವನ್ನು ರಬ್ಬರಿನಲ್ಲಿ ಉಜ್ಜಿ, ‘ನಾಳೆ’ಯನ್ನು ಹಾಗೇ ಬಿಟ್ಟು ಕಳಿಸಿದೆ.