13 ತಂಡಗಳ ಲೀಗ್ 10ಕ್ಕೆ ಇಳಿದಿದ್ದು ಹೇಗೆ? ಇಂಗ್ಲೆಂಡ್ ರಗ್ಬಿಯ 2022–23ರ ಸೀಸನ್ ಕಥೆ

ಇವತ್ತಿನ ಎಪಿಸೋಡ್‌ನಲ್ಲಿ ಕ್ರಿಕೆಟ್ ಇಲ್ಲ, ಕಬಡ್ಡಿನೂ ಇಲ್ಲ. ರಗ್ಬಿ ಬಗ್ಗೆ ಮಾತಾಡೋಣ. ನಾನು ರಗ್ಬಿ ನೋಡಿಲ್ಲ, ರೂಲ್ಸ್ ಗೊತ್ತಿಲ್ಲ ಅಂತ ಸ್ಕಿಪ್ ಮಾಡಬೇಡಿ. ಈ ಕಥೆ ಅರ್ಥ ಆಗೋಕೆ ರೂಲ್ಸ್ ಬೇಕಾಗಿಲ್ಲ. ಮೈದಾನದಲ್ಲಿ ಆಡೋರು, ಟಿಕೆಟ್ ಮಾರೋರು, ಹುಲ್ಲಿಗೆ ನೀರು ಬಿಡೋರು, ಇವರೆಲ್ಲರ ಸಂಬಳ ಎಲ್ಲಿಂದ ಬರುತ್ತೆ? ಅದು ನಿಂತ್ರೆ ಏನಾಗುತ್ತೆ? ಇವತ್ತಿನ ವಿಷಯ ಇಷ್ಟೇ.

2022ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್‌ಶಿಪ್ ರಗ್ಬಿ ಲೀಗ್ 13 ತಂಡಗಳೊಂದಿಗೆ ಶುರುವಾಯ್ತು. 2023ರ ಮೇ 27ರಂದು ಫೈನಲ್ ನಡೆಯೋ ಹೊತ್ತಿಗೆ 11 ತಂಡ ಉಳಿದಿದ್ವು. ಫೈನಲ್ ಮುಗಿದ ಹತ್ತೇ ದಿನಕ್ಕೆ ಇನ್ನೊಂದು ಹೋಯ್ತು. ಮುಂದಿನ ಸೀಸನ್‌ಗೆ ಸಿಕ್ಕಿದ್ದು ಬರೀ 10. ಈ ಮೂರರಲ್ಲಿ ಒಂದು ತಂಡವೂ ಮ್ಯಾಚ್ ಸೋತು ಹೊರಗೆ ಹೋಗಿದ್ದಲ್ಲ. ದುಡ್ಡು ಖಾಲಿಯಾಗಿ ಹೋಗಿದ್ದು.

ಮೊದಲು ಲೀಗ್‌ನ ಪರಿಚಯ

ರಗ್ಬಿಯಲ್ಲಿ ಎರಡು ಬಗೆ. ತಂಡಕ್ಕೆ 13 ಜನ ಆಡೋದು ರಗ್ಬಿ ಲೀಗ್, 15 ಜನ ಆಡೋದು ರಗ್ಬಿ ಯೂನಿಯನ್. ನಾವು ಮಾತಾಡ್ತಿರೋದು ಯೂನಿಯನ್ ಬಗ್ಗೆ. ಈ ಆಟದಲ್ಲಿ 1995ರವರೆಗೆ ಆಟಗಾರರಿಗೆ ಅಧಿಕೃತವಾಗಿ ಸಂಬಳ ಕೊಡೋ ಹಾಗೇ ಇರಲಿಲ್ಲ. ಹಗಲು ಬ್ಯಾಂಕಲ್ಲೋ ಪೊಲೀಸ್ ಇಲಾಖೆಯಲ್ಲೋ ಕೆಲಸ, ಸಂಜೆ ಪ್ರಾಕ್ಟೀಸ್, ಶನಿವಾರ ಮ್ಯಾಚ್. ಆ ವರ್ಷ ಆಟ ವೃತ್ತಿಪರ ಆಯ್ತು. ಊರಿನ ಸದಸ್ಯರು ಸೇರಿ ನಡೆಸ್ತಿದ್ದ ಕ್ಲಬ್‌ಗಳು ಕಂಪನಿಗಳಾದವು, ಶ್ರೀಮಂತ ಮಾಲೀಕರು ಬಂದರು. ಆಟದ ಮೇಲಿನ ಪ್ರೀತಿಗೋ, ಊರಿನ ಅಭಿಮಾನಕ್ಕೋ ಪ್ರತಿ ವರ್ಷ ಜೇಬಿಂದ ದುಡ್ಡು ಹಾಕೋರು. ಲೀಗ್ ನಡೀತಿದ್ದಿದ್ದೇ ಬಹುಮಟ್ಟಿಗೆ ಈ ಜೇಬಿನ ಮೇಲೆ. ಇದೊಂದು ವಿಷಯ ನೆನಪಿಟ್ಕೊಳ್ಳಿ, ಮುಂದಿನದ್ದಕ್ಕೆಲ್ಲ ಇದೇ ಕೀಲಿ.

ಮೊದಲು ಬಿದ್ದಿದ್ದು ವೂಸ್ಟರ್

ವೂಸ್ಟರ್ ವಾರಿಯರ್ಸ್. ಇಂಗ್ಲಿಷ್ ಸ್ಪೆಲಿಂಗ್ ನೋಡಿ ‘ವೋರ್ಸೆಸ್ಟರ್’ ಅಂತ ಓದಬೇಡಿ, ಉಚ್ಚಾರಣೆ ವೂಸ್ಟರ್. ಕೌಂಟಿ ಕ್ರಿಕೆಟ್ ಫಾಲೋ ಮಾಡೋರಿಗೆ ಊರಿನ ಹೆಸರು ಗೊತ್ತಿರುತ್ತೆ. 1871ರ ಕ್ಲಬ್ ಇದು, ಸಿಕ್ಸ್‌ವೇಸ್ ಅನ್ನೋ ಸ್ವಂತ ಸ್ಟೇಡಿಯಂ ಇತ್ತು.

ಸೀಸನ್ ಶುರುವಾಗೋ ಮೊದಲೇ, ಅಂದ್ರೆ ಆಗಸ್ಟ್‌ನಲ್ಲೇ, ಬ್ರಿಟನ್ನಿನ ತೆರಿಗೆ ಇಲಾಖೆ ಕೋರ್ಟ್ ಮೆಟ್ಟಿಲು ಹತ್ತಿತ್ತು. ಬಾಕಿ ಇದ್ದ ತೆರಿಗೆ ಸುಮಾರು 60 ಲಕ್ಷ ಪೌಂಡ್. ಆಗಿನ ದರ ಪೌಂಡ್‌ಗೆ ಸುಮಾರು 90 ರೂಪಾಯಿ ಅಂತ ಹಿಡಿದ್ರೆ 54 ಕೋಟಿ. ಒಟ್ಟು ಸಾಲ 2.5 ಕೋಟಿ ಪೌಂಡ್ ದಾಟಿತ್ತು. ಅದರಲ್ಲಿ ದೊಡ್ಡ ಪಾಲು ಕೋವಿಡ್ ಟೈಮಲ್ಲಿ ಸರ್ಕಾರದಿಂದ ತಗೊಂಡಿದ್ದು. ಸಂಬಳ ತಡವಾಯ್ತು. ಕೆಲವು ಸಿಬ್ಬಂದಿಗೆ ಸಂಬಳದ ಒಂದು ಭಾಗ ಮಾತ್ರ ಕೈಗೆ ಬಂತು.

ಹಾಗಿದ್ರೂ ತಂಡ ಆಡಿತು. ಸೆಪ್ಟೆಂಬರ್ 24ಕ್ಕೆ ಸಿಕ್ಸ್‌ವೇಸ್‌ನಲ್ಲಿ ನ್ಯೂಕ್ಯಾಸಲ್ ಫಾಲ್ಕನ್ಸ್ ತಂಡವನ್ನು 39–5ರಿಂದ ಸೋಲಿಸಿತು. ಎರಡೇ ದಿನ ಕಳೀತು, ಸೆಪ್ಟೆಂಬರ್ 26ಕ್ಕೆ ಕ್ಲಬ್ ಸಸ್ಪೆಂಡ್. ವಿಮೆ ಇದೆ, ತಿಂಗಳ ಸಂಬಳಕ್ಕೆ ದುಡ್ಡಿದೆ ಅಂತ ಸಂಜೆ ಐದರೊಳಗೆ ತೋರಿಸಿ ಅಂದಿತ್ತು ಇಂಗ್ಲೆಂಡ್ ರಗ್ಬಿ ಮಂಡಳಿ. ತೋರಿಸೋಕೆ ಆಗಲಿಲ್ಲ.

ಅಕ್ಟೋಬರ್ 5ಕ್ಕೆ ಲಂಡನ್ ಹೈಕೋರ್ಟ್‌ನಲ್ಲಿ ವಿಚಾರಣೆ. ಇಲ್ಲೊಂದು ಸೂಕ್ಷ್ಮ ಇದೆ. ಆಟಗಾರರ ಕಾಂಟ್ರ್ಯಾಕ್ಟ್ ಇದ್ದಿದ್ದು ಕ್ಲಬ್ ಜೊತೆ ಅಲ್ಲ, ಆಟಗಾರರಿಗೆ ಅಂತಲೇ ಮಾಡಿದ್ದ ಇನ್ನೊಂದು ಕಂಪನಿ ಜೊತೆ. ಕೋರ್ಟ್ ಆ ಕಂಪನಿಯನ್ನ ಮುಚ್ಚಿಸಿತು. ಕಂಪನಿನೇ ಇಲ್ಲ ಅಂದ್ಮೇಲೆ ಕಾಂಟ್ರ್ಯಾಕ್ಟ್ ಎಲ್ಲಿಂದ ಬರುತ್ತೆ? ಬೆಳಿಗ್ಗೆ ಎದ್ದಾಗ ವೃತ್ತಿಪರ ಆಟಗಾರರಾಗಿದ್ದೋರು ಮಧ್ಯಾಹ್ನದ ಹೊತ್ತಿಗೆ ನಿರುದ್ಯೋಗಿಗಳು.

ಎರಡನೆಯದು ವಾಸ್ಪ್ಸ್

ವಾಸ್ಪ್ ಅಂದ್ರೆ ನಮ್ಮ ಕಣಜದ ಹುಳ. 1867ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಕ್ಲಬ್. ಆರು ಸಲ ಇಂಗ್ಲೆಂಡ್ ಚಾಂಪಿಯನ್, ಎರಡು ಸಲ ಯುರೋಪ್ ಚಾಂಪಿಯನ್. 2020ರ ಅಕ್ಟೋಬರ್‌ನಲ್ಲೂ ಲೀಗ್ ಫೈನಲ್ ಆಡಿತ್ತು. ಮುಳುಗೋ ತಂಡ ಅಂತ ಹೊರಗಿನವರು ಯಾರೂ ಅಂದ್ಕೊಳ್ಳೋ ಹಾಗಿರಲಿಲ್ಲ.

ಲಂಡನ್ ಸುತ್ತಮುತ್ತ ಸ್ವಂತ ಮೈದಾನ ಇಲ್ಲದೆ ಒದ್ದಾಡಿದ ವಾಸ್ಪ್ಸ್, 2014ರ ಡಿಸೆಂಬರ್‌ನಲ್ಲಿ ದೂರದ ಕೊವೆಂಟ್ರಿಗೆ ಹೋಯ್ತು. ಅಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಕೂರೋ ಸ್ಟೇಡಿಯಂ ಕೊಂಡಿತು. ಮುಂದಿನ ವರ್ಷ ಜನರಿಗೆ ಬಾಂಡ್ ಮಾರಿ 3.5 ಕೋಟಿ ಪೌಂಡ್ ಎತ್ತಿತು. ವರ್ಷಕ್ಕೆ ಶೇ 6.5 ಬಡ್ಡಿ, ಏಳು ವರ್ಷದ ನಂತರ ಅಸಲು ವಾಪಸ್. ಗಡುವು 2022ರ ಮೇ.

ಪ್ಲಾನ್ ಪೂರ್ತಿ ತಪ್ಪೇನಲ್ಲ. ಸ್ಟೇಡಿಯಂ ನಮ್ಮದಾದ್ರೆ ಕಾನ್ಸರ್ಟ್, ಎಕ್ಸಿಬಿಷನ್, ಹೋಟೆಲ್ ಎಲ್ಲದರಿಂದಲೂ ದುಡ್ಡು ಬರುತ್ತೆ, ರಗ್ಬಿಯ ನಷ್ಟ ತುಂಬುತ್ತೆ ಅನ್ನೋ ಲೆಕ್ಕ. ಆದ್ರೆ 2020ರಲ್ಲಿ ಕೋವಿಡ್ ಬಂತು. ಮ್ಯಾಚೂ ಇಲ್ಲ, ಕಾನ್ಸರ್ಟೂ ಇಲ್ಲ. ಆದಾಯದ ಎರಡೂ ಬಾಗಿಲು ಒಟ್ಟಿಗೇ ಮುಚ್ಚಿದ್ವು. ಬಡ್ಡಿ ಮಾತ್ರ ನಿಲ್ಲಲಿಲ್ಲ. 2022ರ ಮೇ ಬಂತು, ಅಸಲು ಕೊಡೋಕೆ ಆಗಲಿಲ್ಲ. ತೆರಿಗೆ ಇಲಾಖೆಯೂ ಬೆನ್ನು ಬಿತ್ತು.

ಅಕ್ಟೋಬರ್ 12ಕ್ಕೆ ಮುಂದಿನ ಮ್ಯಾಚ್ ಆಡಲ್ಲ ಅಂತ ಕ್ಲಬ್ ಹೇಳಿತು. 17ಕ್ಕೆ ಕ್ಲಬ್ಬನ್ನ ಆಡಳಿತಾಧಿಕಾರಿಗಳ ಕೈಗೆ ಒಪ್ಪಿಸಲಾಯ್ತು. ದಿವಾಳಿಗೆ ಬಂದ ಕಂಪನಿಯನ್ನ ಹೊರಗಿನ ತಜ್ಞರು ನೋಡ್ಕೊಳ್ಳೋ ವ್ಯವಸ್ಥೆ ಇದು. ಅದೇ ದಿನ ಆಟಗಾರರು, ಕೋಚ್‌ಗಳು, ಸಿಬ್ಬಂದಿ ಸೇರಿ 167 ಜನರ ಕೆಲಸ ಹೋಯ್ತು.

ತಪ್ಪು ಲೆಕ್ಕ ಎಲ್ಲಿ?

ಕೋವಿಡ್ ಒಂದನ್ನೇ ದೂರಿದ್ರೆ ಅರ್ಧ ಸತ್ಯ. ಕೋವಿಡ್ ಬರೋ ಮೊದಲೂ ಲೀಗ್‌ನ ಬಹುತೇಕ ಕ್ಲಬ್‌ಗಳು ನಷ್ಟದಲ್ಲೇ ಇದ್ವು.

ಐಪಿಎಲ್ ಜೊತೆ ಹೋಲಿಸಿ ನೋಡಿ. 2023ರಲ್ಲಿ ಐಪಿಎಲ್ ತಂಡವೊಂದು ಆಟಗಾರರ ಮೇಲೆ ಖರ್ಚು ಮಾಡಬಹುದಾಗಿದ್ದ ಮಿತಿ 95 ಕೋಟಿ ರೂಪಾಯಿ. ಆದ್ರೆ 2023ರಿಂದ ಐದು ವರ್ಷದ ಪ್ರಸಾರ ಹಕ್ಕು ಮಾರಾಟವಾಗಿದ್ದು 48,390 ಕೋಟಿಗೆ. ಅದರ ದೊಡ್ಡ ಪಾಲು ತಂಡಗಳಿಗೆ ಹೋಗುತ್ತೆ. ಒಂದೇ ಒಂದು ಟಿಕೆಟ್ ಮಾರದಿದ್ರೂ ಆಟಗಾರರ ಸಂಬಳ ಹುಟ್ಟುತ್ತೆ.

ಇಂಗ್ಲೆಂಡ್ ರಗ್ಬಿಯಲ್ಲಿ ಆ ಸೀಸನ್‌ನ ಸಂಬಳದ ಮಿತಿ, ಕೆಲವು ವಿನಾಯಿತಿ ಬಿಟ್ಟು, 50 ಲಕ್ಷ ಪೌಂಡ್. ಅಂದ್ರೆ ಸುಮಾರು 45 ಕೋಟಿ ರೂಪಾಯಿ. ಕಮ್ಮಿ ಅನ್ನಿಸುತ್ತೆ ಅಲ್ವಾ? ಕೋವಿಡ್‌ಗೆ ಮೊದಲು 64 ಲಕ್ಷ ಪೌಂಡ್ ಇದ್ದಿದ್ದನ್ನ ಇಳಿಸಿದ್ರು. ಆದ್ರೆ ಟಿವಿ ದುಡ್ಡು ಐಪಿಎಲ್‌ನ ಹತ್ತಿರಕ್ಕೂ ಬರಲ್ಲ. ಡಿಕ್ಕಿ ಹೊಡ್ಕೊಂಡೇ ಆಡೋ ಆಟ ಆದ್ರಿಂದ ಗಾಯ ಜಾಸ್ತಿ, ದೊಡ್ಡ ಸ್ಕ್ವಾಡ್ ಸಾಕಬೇಕು. ಸೀಸನ್ ಒಂಬತ್ತು ತಿಂಗಳು ಎಳೆಯುತ್ತೆ, ಆದ್ರೆ ತವರಲ್ಲಿ ಸಿಗೋದು ವರ್ಷಕ್ಕೆ ಹತ್ತು–ಹದಿನೈದು ಮ್ಯಾಚ್ ಅಷ್ಟೇ. ಅದರಲ್ಲೂ ಫೆಬ್ರವರಿ–ಮಾರ್ಚ್‌ನಲ್ಲಿ ಸಿಕ್ಸ್ ನೇಷನ್ಸ್ ಟೂರ್ನಿ ಬಂದಾಗ ಸ್ಟಾರ್‌ಗಳೆಲ್ಲ ದೇಶದ ಜೆರ್ಸಿ ಹಾಕ್ಕೊಂಡು ಹೋಗ್ತಾರೆ. ಕ್ಲಬ್ ಅವರಿಲ್ಲದೇ ಆಡಿ ಟಿಕೆಟ್ ಮಾರಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇಲ್ಲಿ ಹಾಸಿಗೆ ಚಿಕ್ಕದು ಅಂತ ಎಲ್ಲರಿಗೂ ಗೊತ್ತಿತ್ತು. ಆದ್ರೆ ಪಕ್ಕದ ಕ್ಲಬ್ ಕಾಲು ಚಾಚಿದ್ರೆ ನಾವೂ ಚಾಚಲೇಬೇಕು, ಇಲ್ಲಾಂದ್ರೆ ಒಳ್ಳೇ ಆಟಗಾರ ಅಲ್ಲಿಗೆ ಹೋಗ್ತಾನೆ.

2018ರ ಕೊನೆಗೆ ಸಿವಿಸಿ ಅನ್ನೋ ಹೂಡಿಕೆ ಕಂಪನಿ ಲೀಗ್‌ನ ಶೇ 27ರಷ್ಟು ಪಾಲನ್ನು 20 ಕೋಟಿ ಪೌಂಡ್‌ಗೂ ಹೆಚ್ಚು ಕೊಟ್ಟು ಕೊಂಡಿತು. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? ಹೌದು, 2021ರಲ್ಲಿ 5,625 ಕೋಟಿಗೆ ಗುಜರಾತ್ ಟೈಟನ್ಸ್ ತಂಡ ಕೊಂಡಿದ್ದೂ ಇದೇ ಸಿವಿಸಿ. ರಗ್ಬಿ ಕ್ಲಬ್‌ಗಳಿಗೆ ಒಂದೇ ಸಲ ದೊಡ್ಡ ಮೊತ್ತ ಸಿಕ್ತು. ಆದ್ರೆ ಅದರ ಬೆಲೆ ಏನು? ಮುಂದೆ ಲೀಗ್‌ಗೆ ಬರೋ ಆದಾಯದಲ್ಲಿ ಕಾಲು ಭಾಗಕ್ಕೂ ಹೆಚ್ಚು ಹೊರಗೆ ಹೋಗುತ್ತೆ. ಹೊಲದ ಒಂದು ಭಾಗ ಮಾರಿ ಈ ವರ್ಷದ ಖರ್ಚು ನೀಗಿಸಿದ ಹಾಗೆ. ಮುಂದಿನ ವರ್ಷ ಖರ್ಚು ಅಷ್ಟೇ ಇರುತ್ತೆ, ಬೆಳೆ ಮಾತ್ರ ಕಮ್ಮಿ.

ಉಳಿದವರಿಗೂ ಬಿಸಿ

ಎರಡು ಕ್ಲಬ್ ಹೋದ್ವು ಅಂತ ಉಳಿದವರಿಗೆ ಲಾಭ ಆಗಲಿಲ್ಲ. ವೂಸ್ಟರ್, ವಾಸ್ಪ್ಸ್ ಆಡಿದ್ದ ಮ್ಯಾಚ್‌ಗಳ ಫಲಿತಾಂಶವನ್ನೆಲ್ಲ ಟೇಬಲ್‌ನಿಂದ ಅಳಿಸಿ ಹಾಕಿದ್ರು. ಅವರ ವಿರುದ್ಧ ಗೆದ್ದು ಗಳಿಸಿದ್ದ ಪಾಯಿಂಟ್ಸ್ ಮಾಯ. 39–5ರಿಂದ ಸೋತಿದ್ದ ನ್ಯೂಕ್ಯಾಸಲ್‌ಗೆ ಆ ಸೋಲೇ ದಾಖಲೆಯಲ್ಲಿ ಇಲ್ಲ! ಆದ್ರೆ ಅಸಲಿ ಪೆಟ್ಟು ಬಿದ್ದಿದ್ದು ಗಲ್ಲಾಪೆಟ್ಟಿಗೆಗೆ. ತವರಿನ ಮ್ಯಾಚ್ ಕಮ್ಮಿ ಆದ್ರೆ ಟಿಕೆಟ್ ಇಲ್ಲ, ಬಿಯರ್ ಇಲ್ಲ, ಪಾರ್ಕಿಂಗ್ ದುಡ್ಡೂ ಇಲ್ಲ.

ಕೆಲಸ ಕಳ್ಕೊಂಡ ಆಟಗಾರರ ಕಥೆ ಏನಾಯ್ತು? ವಾಸ್ಪ್ಸ್‌ನ ಜಾಕ್ ವಿಲಿಸ್ ಫ್ರಾನ್ಸ್‌ನ ಟುಲೂಸ್ ಸೇರಿ, ಮುಂದಿನ ಜೂನ್‌ನಲ್ಲಿ ಅಲ್ಲಿನ ಲೀಗ್ ಗೆದ್ದ ತಂಡದಲ್ಲಿದ್ದರು. ವೂಸ್ಟರ್‌ನ ಆಲಿ ಲಾರೆನ್ಸ್, ಟೆಡ್ ಹಿಲ್, ವಾಸ್ಪ್ಸ್‌ನ ಆಲ್ಫಿ ಬಾರ್ಬಿಯರಿ ಬಾತ್ ಕ್ಲಬ್‌ಗೆ ಹೋದರು. ಅದೇ ಬಾತ್ 2025ರಲ್ಲಿ, 1996ರ ನಂತರ ಮೊದಲ ಬಾರಿಗೆ ಲೀಗ್ ಗೆದ್ದಿತು. ಇವೆಲ್ಲ ಹೆಸರು ಮಾಡಿದವರ ಕಥೆ. ಅಕ್ಟೋಬರ್‌ನಲ್ಲಿ ಉಳಿದ ಕ್ಲಬ್‌ಗಳ ಸ್ಕ್ವಾಡ್ ಆಗಲೇ ತುಂಬಿತ್ತು, ಸಂಬಳದ ಮಿತಿಯ ಹೆಚ್ಚಿನ ಭಾಗ ಮುಗಿದಿತ್ತು. ಇನ್ನೂ ಹೆಸರು ಮಾಡದ ಹುಡುಗನಿಗೆ, ಗಾಯ ಆಗಿ ಕೂತವನಿಗೆ, ಕಿಟ್ ನೋಡ್ಕೊಳ್ಳೋ ಸಿಬ್ಬಂದಿಗೆ ಫ್ರಾನ್ಸ್‌ನಿಂದ ಫೋನ್ ಬರಲ್ಲ.

ಫೈನಲ್, ಆಮೇಲೆ ಇನ್ನೊಂದು ಪೆಟ್ಟು

ಇಷ್ಟೆಲ್ಲದರ ಮಧ್ಯೆ ಆಟ ಚೆನ್ನಾಗೇ ಇತ್ತು. ಟ್ವಿಕೆನಮ್‌ನಲ್ಲಿ ನಡೆದ ಫೈನಲ್‌ನಲ್ಲಿ ಸ್ಯಾರಸೆನ್ಸ್ 35–25ರಿಂದ ಸೇಲ್ ಶಾರ್ಕ್ಸ್ ತಂಡವನ್ನು ಸೋಲಿಸಿ ಆರನೇ ಸಲ ಚಾಂಪಿಯನ್ ಆಯ್ತು. ಪರಿಸರ ಹೋರಾಟಗಾರರು ಮೈದಾನಕ್ಕೆ ನುಗ್ಗಿ ಕಿತ್ತಳೆ ಬಣ್ಣದ ಪುಡಿ ಎರಚಿ, ಆಟ ಸ್ವಲ್ಪ ಹೊತ್ತು ನಿಂತಿದ್ದೂ ಅವತ್ತೇ. ಇದೇ ಸ್ಯಾರಸೆನ್ಸ್ ಸಂಬಳದ ಮಿತಿ ಮೀರಿದ್ದಕ್ಕೆ 50 ಲಕ್ಷ ಪೌಂಡ್‌ಗೂ ಹೆಚ್ಚು ದಂಡ ಕಟ್ಟಿ, 2020ರಲ್ಲಿ ಕೆಳಗಿನ ಡಿವಿಷನ್‌ಗೆ ಇಳಿದಿತ್ತು ಅನ್ನೋದೂ ಗೊತ್ತಿರಲಿ.

ಲಂಡನ್ ಐರಿಶ್ ತಂಡ ಆ ಸೀಸನ್‌ನಲ್ಲಿ ಐದನೇ ಸ್ಥಾನ ಪಡೆದಿತ್ತು, ಪ್ಲೇಆಫ್‌ಗೆ ಒಂದೇ ಮೆಟ್ಟಿಲು ಕೆಳಗೆ. ಇಪ್ಪತ್ತರ ಹರೆಯದ ಹೆನ್ರಿ ಅರಂಡೆಲ್ ಅವರ ಓಟ ನೋಡೋಕೆ ಅಂತಲೇ ಜನ ಬರ್ತಿದ್ರು. ಆದ್ರೆ ಸಾಲ ಸುಮಾರು 3 ಕೋಟಿ ಪೌಂಡ್. ಅಮೆರಿಕದ ಹೂಡಿಕೆದಾರರು ಕೊಳ್ತಾರೆ ಅನ್ನೋ ಮಾತು ತಿಂಗಳುಗಟ್ಟಲೆ ನಡೀತು, ಮುಗೀಲಿಲ್ಲ. ಜೂನ್ 6ಕ್ಕೆ ಆ ಕ್ಲಬ್ಬೂ ಸಸ್ಪೆಂಡ್. 1898ರಿಂದ ಇದ್ದ ಕ್ಲಬ್. ಅರಂಡೆಲ್ ಪ್ಯಾರಿಸ್‌ನ ರಾಸಿಂಗ್ 92 ಸೇರಿದರು.

ಆಮೇಲೆ ಏನು ಬದಲಾಯ್ತು?

2023ರ ಜನವರಿಯಲ್ಲೇ ಬ್ರಿಟನ್ ಸಂಸತ್ತಿನ ಸಮಿತಿಯೊಂದು ರಗ್ಬಿ ಮಂಡಳಿ ಮತ್ತು ಲೀಗ್ ಎರಡನ್ನೂ ಕಟುವಾಗಿ ಟೀಕಿಸಿತ್ತು. ಕ್ಲಬ್‌ಗಳ ಲೆಕ್ಕಪತ್ರದ ಮೇಲೆ ನಿಗಾ ಬಿಗಿಯಾಯ್ತು. 2024ರಲ್ಲಿ ಮಂಡಳಿ ಮತ್ತು ಲೀಗ್ ಮಧ್ಯೆ ಎಂಟು ವರ್ಷದ ಹೊಸ ಒಪ್ಪಂದವೂ ಆಯ್ತು. ವೂಸ್ಟರ್ 2025ರಲ್ಲಿ ಎರಡನೇ ಡಿವಿಷನ್‌ಗೆ ವಾಪಸ್ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ, ಕಷ್ಟದಲ್ಲಿದ್ದ ನ್ಯೂಕ್ಯಾಸಲ್ ಕ್ಲಬ್ಬನ್ನ ಎನರ್ಜಿ ಡ್ರಿಂಕ್‌ನ ರೆಡ್ ಬುಲ್ ಕಂಪನಿ ಕೊಂಡಿತು. ಕ್ಲಬ್ ಉಳಿದಿದ್ದು ಸಂತೋಷವೇ. ಆದ್ರೆ ಗಮನಿಸಿ: ಉಳಿಸಿದ್ದು ಮತ್ತೆ ಒಂದು ದೊಡ್ಡ ಜೇಬು. ಮೂಲ ಪ್ರಶ್ನೆ ಇನ್ನೂ ಅಲ್ಲೇ ಇದೆ.

ಇದು ನಮಗೂ ಯಾಕೆ ಬೇಕು ಅಂದ್ರೆ, 2025ರ ಜೂನ್‌ನಲ್ಲಿ ಮುಂಬೈನಲ್ಲಿ ನಮ್ಮ ದೇಶದ್ದೇ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಗಿದೆ. ತಂಡಕ್ಕೆ ಏಳು ಜನ ಆಡೋ ಚಿಕ್ಕ ಮಾದರಿ, ಆರು ತಂಡ, ಅದರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಕೂಡ ಒಂದು. ರಗ್ಬಿ ಇರಲಿ, ಬೇರೆ ಯಾವುದೇ ಆಟ ಇರಲಿ, ಹೊಸ ಲೀಗ್ ಬಂದಾಗ ಜೆರ್ಸಿ, ಥೀಮ್ ಸಾಂಗ್ ನೋಡಿ ಖುಷಿಪಡಿ. ಜೊತೆಗೆ ಮೂರು ಪ್ರಶ್ನೆ ಕೇಳಿ. ತಿಂಗಳ ಸಂಬಳ ಆಟದ ಆದಾಯದಿಂದ ಬರುತ್ತಾ, ಮಾಲೀಕರ ಜೇಬಿಂದ ಬರುತ್ತಾ? ಮಾಲೀಕರು ನಾಳೆ ಕೈ ಎತ್ತಿದ್ರೆ ತಂಡ ಎಷ್ಟು ದಿನ ನಡೆಯುತ್ತೆ? ಹಾಗಾದಾಗ ಆಟಗಾರರ ಬಾಕಿ ಸಂಬಳಕ್ಕೆ ಹೊಣೆ ಯಾರು?

ಈ ಮೂರಕ್ಕೆ ಉತ್ತರ ಇಲ್ಲದೇ ಹೋದಾಗ ಏನಾಗುತ್ತೆ ಅನ್ನೋದನ್ನ ವೂಸ್ಟರ್ ಅಭಿಮಾನಿಗಳು ನೋಡಿದ್ದಾರೆ. ಶನಿವಾರ 39–5ರಿಂದ ಗೆದ್ದ ತಂಡ, ಸೋಮವಾರ ಸಂಜೆ ಇರಲಿಲ್ಲ.

ಇವತ್ತಿಗೆ ಇಷ್ಟು. ಯಾವ ಆಟದ ಲೆಕ್ಕಾಚಾರ ಮುಂದೆ ಬಿಡಿಸಿ ಹೇಳಬೇಕು ಅಂತ ನಮಗೆ ಬರೆದು ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.