ಟೊಮೆಟೊ ಹೂವು ಕಾಯಾಗದೆ ಉದುರುವುದೇಕೆ?

ಹೊಸೂರಿನ ಆಲಸನತ್ತಂ, ಟೊಮೆಟೊ ಮಂಡಿಗೆ ಹೆಸರಾದ ರಾಯಕೋಟೆ ಮೊದಲಾದೆಡೆಯ ಮಕ್ಕಳಿಗೆ ಟೊಮೆಟೊ ಗಿಡ ಹೊಸತಲ್ಲ. ಬೇಸಿಗೆಯಲ್ಲಿ ಹೂವು ಉದುರಿದೊಡನೆ ರೋಗವೆಂದು ಬಗೆದು ಔಷಧಿ ಸಿಂಪಡಿಸುವುದುಂಟು. ಕಾರಣವು ಹಲವು ವೇಳೆ ಬೇರೆಯೇ ಆಗಿರುತ್ತದೆ.

ಹಗಲಿನ ತಾಪ 35 ಡಿಗ್ರಿ ಸೆಲ್ಸಿಯಸ್ ಮೀರಿದರೆ, ಇಲ್ಲವೆ ಇರುಳಿನಲ್ಲಿಯೂ 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ, ಪರಾಗವು ಸತ್ವಗೆಡುತ್ತದೆ. ಇರುಳಿನ ತಾಪ 13 ಡಿಗ್ರಿಗಿಂತ ಕಡಮೆಯಾದರೂ ಇದೇ ಗತಿ. ಫಲಗಟ್ಟದ ಹೂವನ್ನು ಗಿಡವು ಹೊರುವುದಿಲ್ಲ. ತೊಟ್ಟಿನ ನಡುವಣ ಗಂಟಿನಲ್ಲಿ ಜೀವಕೋಶಗಳ ಬಂಧ ಸಡಿಲಗೊಂಡು ಹೂವು ಕಳಚಿಕೊಳ್ಳುತ್ತದೆ. ಯೂರಿಯಾ ಹೆಚ್ಚಾದರೆ ಗಿಡವು ಬರಿಯ ಸೊಪ್ಪಾಗಿ ಬೆಳೆಯುತ್ತದೆ. ನೀರು ಒಮ್ಮೆ ಮಿಕ್ಕಿ ಒಮ್ಮೆ ಬತ್ತಿದರೂ ಹೂವು ನಿಲ್ಲದು.

ಟೊಮೆಟೊ ಹೂವಿಗೆ ತನ್ನ ಪರಾಗವೇ ಸಾಕು. ಆದರೆ ಅದು ಕೇಸರಗಳ ಕೊಳವೆಯೊಳಗಿದ್ದು, ಹೂವು ಅದುರಿದಾಗಲೇ ಹೊರಬೀಳುತ್ತದೆ. ಗಾಳಿಯೂ ಝೇಂಕರಿಸುವ ದುಂಬಿಯೂ ಹೂವನ್ನು ಅದುರಿಸುತ್ತವೆ. ಕಾರಣವರಿಯದೆ ಸಿಂಪಡಿಸಿದ ಕೀಟನಾಶಕಕ್ಕೆ ಮೊದಲು ಬಲಿಯಾಗುವುದು ಈ ದುಂಬಿಯೇ. ರೈತನ ಹಣವೂ ವ್ಯರ್ಥ.

ಉದುರಿದ ಹೂಗಳನ್ನು ತರಗತಿಗೆ ತರಿಸಿ, ತೊಟ್ಟು ಗಂಟಿನಲ್ಲಿಯೇ ಕಳಚಿದೆಯೇ ಎಂದು ಮಕ್ಕಳಿಂದ ನೋಡಿಸಬಹುದು. ಇಲ್ಲಿ ಶಿಕ್ಷಕರು ಒಂದು ಪದದ ಬಗೆಗೆ ಎಚ್ಚರ ವಹಿಸಬೇಕು: ತಮಿಳಿನಲ್ಲಿ ‘ಮಗರಂದಂ’ ಎಂದರೆ ಪರಾಗ; ಕನ್ನಡದ ‘ಮಕರಂದ’ವಾದರೋ ಹೂವಿನ ಜೇನು. ಎರಡು ನುಡಿಗಳ ನಡುವೆ ಬೆಳೆಯುವ ಮಗು ಇವನ್ನು ಒಂದೇ ಎಂದು ತಿಳಿಯುವುದು ಸಹಜ.