ಹೆರಿಗೆಗೆ ಹೊರಡುವ ಚೀಲ

ಎಂಟನೆಯ ತಿಂಗಳು ತುಂಬಿದರೂ ಮಗುವಿನ ಬಟ್ಟೆ ಎತ್ತಿಡಲು ಅನೇಕ ಮನೆಗಳಲ್ಲಿ ಹಿರಿಯರು ಒಪ್ಪುವುದಿಲ್ಲ. ಹುಟ್ಟುವ ಮುನ್ನವೇ ಸಿದ್ಧತೆ ನಡೆಸುವುದು ಅಪಶಕುನವೆಂಬ ಅಂಜಿಕೆ. ಆದರೆ ಲೂಕನ ಶುಭಸಂದೇಶವನ್ನು ಓದಿ ನೋಡಿ: ಪರಊರಿನಲ್ಲಿ ಹೆತ್ತ ಮಾತೆ ಮರಿಯಮ್ಮನವರ ಬಳಿ ಕಂದನನ್ನು ಸುತ್ತಲು ಬಟ್ಟೆಯಿತ್ತಲ್ಲವೆ?

ಅರಸೀಕೆರೆಯ ಗರ್ಭಿಣಿಯರಿಗೆ ಈ ಮಾತು ಮುಖ್ಯವಾದುದು. ಹೆರಿಗೆ ತೊಡಕಾದರೆ ಹಾಸನಕ್ಕೆ ಸುಮಾರು 40 ಕಿಲೋಮೀಟರ್ ಸಾಗಬೇಕು. 108 ವಾಹನ ಬಾಗಿಲಿಗೆ ಬಂದಾಗ ಬೀರುವಿನ ಬೀಗದಕೈ ಹುಡುಕುತ್ತ ನಿಲ್ಲುವಂತಾಗಬಾರದು.

ಚೀಲಕ್ಕೆ ಮೊದಲು ಸೇರಬೇಕಾದುದು ತಾಯಿ ಕಾರ್ಡ್. ರಕ್ತದ ಗುಂಪು, ಹಿಮೋಗ್ಲೋಬಿನ್, ರಕ್ತದೊತ್ತಡ ಎಲ್ಲವೂ ಅದರಲ್ಲಿರುವುದರಿಂದ ಅಪರಿಚಿತ ವೈದ್ಯರಿಗೂ ಒಂಬತ್ತು ತಿಂಗಳ ವೃತ್ತಾಂತ ಕ್ಷಣದಲ್ಲಿ ತಿಳಿಯುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವರು ಅದನ್ನು ಗಂಡನ ಮನೆಯಲ್ಲೇ ಬಿಟ್ಟುಹೋಗುವುದುಂಟು. ಸ್ಕ್ಯಾನ್ ವರದಿ, ಆಧಾರ್, ಪಡಿತರ ಚೀಟಿ ಜೊತೆಗಿರಲಿ. ಬಾಣಂತಿಗೆ ಮುಂದೆ ಗುಂಡಿಯಿರುವ ನೈಟಿ, ಪ್ಯಾಡು; ಮಗುವಿಗೆ ಟೋಪಿ, ಕಾಲುಚೀಲ. ಸುತ್ತುವ ಬಟ್ಟೆಗೆ ಅಜ್ಜಿಯ ಹಳೆಯ ನೂಲಿನ ಸೀರೆಯಷ್ಟು ಮೆತ್ತನೆಯದು ಯಾವ ಅಂಗಡಿಯಲ್ಲೂ ಸಿಗದು. ಒಗೆದು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿರಬೇಕು, ಅಷ್ಟೆ. ಹೊಸದನ್ನು ಕೊಳ್ಳದೆ ಹಳೆಯದನ್ನೇ ಎತ್ತಿಟ್ಟರೆ ಹಿರಿಯರ ಮನಸ್ಸಿಗೂ ನೋವಾಗದು.

ಬಂಗಾರ ಮನೆಯಲ್ಲೇ ಇರಲಿ. ಜೇನುತುಪ್ಪದ ಸೀಸೆಯೂ ಬೇಡ. ಹುಟ್ಟಿದ ಮೊದಲ ಗಂಟೆಯೊಳಗೆ ಮಗುವಿಗೆ ತಾಯಿಯ ಹಳದಿ ಹಾಲೇ ದೊರೆಯಬೇಕು. ಚೀಲ ಎಲ್ಲಿದೆಯೆಂಬುದು ಅತ್ತೆಗೆ ಮಾತ್ರವಲ್ಲ, ಗಂಡನಿಗೂ ತಿಳಿದಿರಲಿ.